ಹಾಲುಕ್ಕದ ಮನೆ

ಕವನ ಬೀಗಕ್ಕೆ ಕೀಲಿ ಹಾಕಿ ಎರಡು ಸಲ ತಿರುಗಿಸಿ, ಭುಜ ಕೊಟ್ಟು ಬಾಗಿಲು ದೂಡಿದಳು. ಒಳಗಿನ ಮುಗ್ಗಲು ವಾಸನೆ ನಮ್ಮಿಬ್ಬರ ಮುಖಕ್ಕೂ ಹೊಡೆಯಿತು.

"ಕೀ ನಿಮ್ಮತ್ರಾನೇ ಇರ್ಲಿ ಮೇಡಂ," ಎಂದು ಅದನ್ನು ನನ್ನ ಅಂಗೈಗೆ ಒತ್ತಿದಳು. ಕೀಲಿಯ ತೂತಿಗೆ ಬಿಗಿಯಾಗಿ ಗಂಟು ಹಾಕಿದ ಕರಿದಾರವೊಂದು ನೇತಾಡುತ್ತಿತ್ತು. ದೃಷ್ಟಿಗೆ ಕಟ್ಟಿರಬೇಕು ಅಂದುಕೊಂಡು ಬ್ಯಾಗಿಗೆ ಹಾಕಿದೆ. ಆಗ ಅಷ್ಟೇ ಅನ್ನಿಸಿದ್ದು.

ಇದು ದೇವಯ್ಯನವರ ಮನೆ. ನಂಜನಗೂಡಿನ ಈ ಬಾಡಿಗೆ ಕಾಲೊನಿಯಲ್ಲಿ ಕವನಳ ಮನೆಗೂ ಇದಕ್ಕೂ ಒಂದೇ ಗೋಡೆ. ಮೊದಲು ದೇವಯ್ಯ ಎಲ್ಲಿಗೋ ಹೋದವರು ತಿರುಗಿ ಬರಲಿಲ್ಲ, ಆಮೇಲೆ ಕವನಳ ಅಜ್ಜಿ ಮುದ್ದಮ್ಮ ಕಾಣೆಯಾದರು. ಸೋಮವಾರದೊಳಗೆ ಮುದ್ದಮ್ಮ ಬಂದು ತಮ್ಮ ಬಾಗಿಲಲ್ಲಿ ನಿಲ್ಲದಿದ್ದರೆ, ಮನೆ ಬಿಟ್ಟು ಹೋಗಿದ್ದಾರೆಂದು ವಸತಿ ಟ್ರಸ್ಟಿನವರು ಬೀಗ ಜಡಿಯುತ್ತಾರೆ. ಅಪ್ಪ ಅಮ್ಮ ಇಲ್ಲದೆ ಅಜ್ಜಿಯ ಮಡಿಲಲ್ಲೇ ಬೆಳೆದ ಕವನ ಬೀದಿಗೆ ಬೀಳುತ್ತಾಳೆ. ಇವತ್ತು ಶನಿವಾರ.

ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿ ಮಾಡಿ ಬೇಸತ್ತು ಪತ್ತೇದಾರಿಗೆ ಇಳಿದವಳು ನಾನು. ಹೆಸರು ನಂದಿತಾ. ಊರವರು ಬೆನ್ನ ಹಿಂದೆ ಸಿಐಡಿ ಮೇಡಂ ಅನ್ನುತ್ತಾರೆ, ಎದುರಿಗೆ ಬಂದರೆ ತಮ್ಮ ಮಗಳಿಗೆ ನೋಡಿದ ಗಂಡು ಹೇಗೆ ಎಂದು ವಿಚಾರಿಸಿಕೊಡಿ ಅನ್ನುತ್ತಾರೆ. ಕವನ ಮಾತ್ರ ಅಳುತ್ತ ಬಂದಿದ್ದಳು. ಅಳುವವರನ್ನು ಕಂಡರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅವರ ಕೆಲಸ ಒಪ್ಪಿಕೊಂಡಿರುತ್ತೇನೆ.

ಮನೆಯೊಳಗೆ ಚಾವಣಿಯ ಗಾರೆ ಉದುರಿ ಕಂಬಿಗಳು ತುಕ್ಕು ಹಿಡಿದು ಕಾಣುತ್ತಿದ್ದವು. ಕೆಳಗೆ ಕೆಂಪು ನೆಲ. ಅದರ ಒಂದು ಮೂಲೆಯಲ್ಲಿ ಮಾತ್ರ ತಟ್ಟೆಯಗಲ ಕಪ್ಪು ಕಲೆ.

ಬೆಂಕಿ ಬಿದ್ದಿತ್ತೇ ಎಂದು ಕೇಳಿದೆ. ಕವನ ಇಲ್ಲವೆಂದು ತಲೆಯಾಡಿಸಿ, ಕಾಲೊನಿಯ ಪದ್ಧತಿಯನ್ನು ವಿವರಿಸಿದಳು. ಇಲ್ಲಿ ಕೀಲಿ ಕೊಟ್ಟ ದಿನದಿಂದ ಬಾಡಿಗೆ ಶುರುವಾಗುವುದಿಲ್ಲವಂತೆ. ಬಂದವರು ನೆಲದ ಮೇಲೆ ಮೂರು ಇಟ್ಟಿಗೆ ಇಟ್ಟು, ಟ್ರಸ್ಟಿನವರ ಎದುರಿಗೆ ಹಾಲುಕ್ಕಿಸಬೇಕು. ಹಾಲು ಉಕ್ಕಿ ನೆಲಕ್ಕೆ ಚೆಲ್ಲಿದ ದಿನದಿಂದ ಬಾಡಿಗೆ ಲೆಕ್ಕ. ಟ್ರಸ್ಟು ಕಟ್ಟಿದ ಹಿರಿಯರು ಹಾಕಿಕೊಟ್ಟದ್ದು, ಇವತ್ತಿಗೂ ಯಾರೂ ತಪ್ಪಿಸಿಲ್ಲ. ಉಕ್ಕಿಸಿದ ಪಾತ್ರೆಯನ್ನೂ ಯಾರೂ ಬಿಸಾಡುವುದಿಲ್ಲ. ಮನೆ ಬದಲಾದರೆ ಅದೇ ಪಾತ್ರೆ ಮುಂದಿನ ಮನೆಗೂ ಹೋಗಬೇಕು.

ದೇವಯ್ಯನವರ ಹಿತ್ತಾಳೆ ಪಾತ್ರೆ ಗೋಡೆಗೂಡಿನಲ್ಲಿ ಬೋರಲಾಗಿ ಕುಳಿತಿತ್ತು. ಅದರ ಮೇಲೆ ಬೆರಳಾಡಿಸಿದೆ. ದಪ್ಪ ಧೂಳು.

ಹಿತ್ತಲಿನ ಕರಿಬೇವಿನ ಗಿಡ ಒಣಗಿ ನಿಂತಿತ್ತು. ಅದಕ್ಕೆ ನೀರು ಹಾಕಲೆಂದೇ ದೇವಯ್ಯತಾತ ಹೊರಡುವ ದಿನ ಬೆಳಿಗ್ಗೆ ತನಗೆ ಕೀಲಿ ಕೊಟ್ಟು ಹೋದರೆಂದು ಕವನ ಹೇಳಿದ್ದಳು. ಗಿಡ ನೋಡಿ ಅವಳ ಮುಖ ನೋಡಿದೆ. ಫ್ಯಾಕ್ಟರಿಯಲ್ಲಿ ಎರಡು ಶಿಫ್ಟು ಬಿದ್ದವು, ಮರೆತೇಬಿಟ್ಟೆ ಎಂದು ತಲೆ ತಗ್ಗಿಸಿದಳು. ತಾಂಡವಪುರದ ಹತ್ತಿರ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಅವಳ ಕೆಲಸ. ಪಾಪ ಅನ್ನಿಸಿತು.

ಆಮೇಲೆ ಗೋಡೆಗೂಡಿನ ಪಾತ್ರೆಯನ್ನೇ ನೋಡುತ್ತ ನಿಂತಿದ್ದಾಗ ತಲೆಗೆ ಏನೋ ತಟ್ಟಿತು.

"ನಿಮ್ಮಜ್ಜಿ ಹೋದಾಗ ಮನೆಯಿಂದ ಏನೇನು ಹೋಗಿತ್ತು ಅಂದೆ?"

"ಎರಡು ಸೀರೆ, ಚಪ್ಲಿ. ಮತ್ತೆ ಆ ಹಾಲಿನ ಪಾತ್ರೆ ಕಾಣ್ತಿಲ್ಲ ಅಂದಿದ್ನಲ್ಲ ಮೇಡಂ."

ಹೌದು, ಅಂದಿದ್ದಳು. ನಾನು ಕಿವಿಗೇ ಹಾಕಿಕೊಂಡಿರಲಿಲ್ಲ. ಮುದುಕಿಯನ್ನು ಎತ್ತಿಹಾಕಿಕೊಂಡು ಹೋಗುವವರು ಹಿತ್ತಾಳೆ ಪಾತ್ರೆಯನ್ನೂ ಜೋಪಾನವಾಗಿ ಕಟ್ಟಿಕೊಂಡು ಹೋಗುತ್ತಾರೆಯೇ? ಮುದ್ದಮ್ಮ ಎಲ್ಲೋ ಹಾಲುಕ್ಕಿಸಲು ಹೋಗಿದ್ದಾರೆ. ಎಲ್ಲೋ ಏನು ಬಂತು, ಈ ಟ್ರಸ್ಟಿನ ಬೇರೆ ಮನೆಗೆ.

ಟ್ರಸ್ಟಿನ ಕತೆ ನನಗೆ ಹಿಂದಿನ ದಿನವಷ್ಟೇ ಪೂರ್ತಿ ತಿಳಿದಿತ್ತು. ಬಡವರಿಗೆ ಬಾಡಿಗೆ ಮನೆ ಕಟ್ಟಿಕೊಡಲೆಂದು ಸರ್ಕಾರ ಬಹಳ ಹಿಂದೆ ಅಗ್ಗಕ್ಕೆ ಜಮೀನು ಕೊಟ್ಟಿತ್ತು. ಜೊತೆಗೊಂದು ಷರತ್ತು. ಮೊದಲು ಬಾಡಿಗೆಗೆ ಬಂದವರು ಇರುವತನಕ ಬಾಡಿಗೆ ಏರಿಸುವಂತಿಲ್ಲ, ವರ್ಷಕ್ಕೊಮ್ಮೆ ಚಿಟಿಕೆಯಷ್ಟು ಬಿಟ್ಟು. ಅವರು ಮನೆ ಬಿಟ್ಟರೆ ಮಾತ್ರ ಹೊಸ ಬಾಡಿಗೆ ಗೊತ್ತುಮಾಡಬಹುದು. ಕೇಳಿದಾಗ ಎಷ್ಟು ಒಳ್ಳೆಯ ಕಾನೂನು ಎಂದು ನಾನೂ ಖುಷಿಪಟ್ಟಿದ್ದೆ.

ಆದರೆ ಸಿಮೆಂಟಿನವನಿಗೆ ಆ ಷರತ್ತಿಲ್ಲ. ಪಂಪು ರಿಪೇರಿಯವನಿಗಿಲ್ಲ, ಗಾರೆಯವನಿಗೂ ಇಲ್ಲ. ಇಲ್ಲಿನ ತಿಂಗಳ ಬಾಡಿಗೆಯಲ್ಲಿ ಈಗ ನಾಲ್ಕು ಜನ ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ಉಂಡು ಬರಲೂ ಆಗುವುದಿಲ್ಲ. ಟ್ರಸ್ಟು ಒಳಗೊಳಗೇ ಟೊಳ್ಳಾಗುತ್ತ ಬಂತು. ಹೇಗಾದರೂ ಸರಿದೂಗಿಸೋಣವೆಂದು ಸಾಲ ಮಾಡಿ ಟಿ. ನರಸೀಪುರದಲ್ಲಿ ಒಂಟಿ ಕೋಣೆಯ ಹೊಸ ಮನೆಗಳನ್ನು ಕಟ್ಟಿದರು. ಅವು ತುಂಬಲಿಲ್ಲ. ಮನೆಗಳು ತುಂಬದಿದ್ದರೆ ಎರಡು ಊರಿನ ಮನೆಗಳನ್ನೂ ಹರಾಜಿಗೆ ಹಾಕುತ್ತೇವೆಂದು ಸಾಲ ಕೊಟ್ಟವರು ಕೂತಿದ್ದಾರೆ.

ಈಗ ಲೆಕ್ಕ ಹಾಕಿ. ನಂಜನಗೂಡಿನ ಒಬ್ಬ ಮುದುಕಿಯನ್ನು ನರಸೀಪುರಕ್ಕೆ ಸಾಗಿಸಿದರೆ ಅಲ್ಲಿನ ಖಾಲಿ ಮನೆ ತುಂಬುತ್ತದೆ, ಇಲ್ಲಿನ ಹಳೇ ಮನೆಗೆ ಹೊಸ ಬಾಡಿಗೆ ಬರುತ್ತದೆ.

"ಸ್ಕೂಟರ್ ಹತ್ತು," ಎಂದೆ ಕವನಳಿಗೆ.

ಸುತ್ತೂರಿನ ದಾರಿ ಹಿಡಿದೆವು. ನರಸೀಪುರದ ಸಂಗಮದ ಸೇತುವೆ ಬಂದಾಗ ಅವಳು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಜ್ಜಿಯ ಚಿಂತೆ ಎಂದುಕೊಂಡೆ.

ಕಾಲೊನಿ ಮುಡುಕುತೊರೆ ಕಡೆ ಹೋಗುವ ರಸ್ತೆಯಲ್ಲಿತ್ತು. ಸಾಲು ಮನೆಗಳು, ಅರ್ಧಕ್ಕರ್ಧ ಬೀಗ. ಮೂರನೆಯ ಮನೆಯ ಜಗಲಿಯ ಮೇಲೆ ಕುಳಿತು ಮುದ್ದಮ್ಮ ಅವರೆಕಾಯಿ ಬಿಡಿಸುತ್ತಿದ್ದರು.

ನಾನು ಹೆಣ ಹುಡುಕುವ ಮನಸ್ಸಿನಲ್ಲಿದ್ದವಳು. ಅವರೆಕಾಯಿ ಬಿಡಿಸುವ ಮುದುಕಿಯನ್ನು ಕಂಡು ಸ್ಕೂಟರ್ ಆರಿಸುವುದನ್ನೇ ಮರೆತೆ. ಕವನ ಓಡಿಹೋಗಿ ಅಜ್ಜಿಯ ಕಾಲ ಬಳಿ ಕುಸಿದು ಕುಳಿತಳು.

"ಯಾರವ್ವ ಏಳುದ್ರು ನಿಂಗೆ, ನಾ ಇಲ್ಲಿವ್ನಿ ಅಂತ?" ಎಂದರು ಮುದ್ದಮ್ಮ. ಸಂತೋಷ ಎಷ್ಟೋ ಗಾಬರಿಯೂ ಅಷ್ಟೇ ಇತ್ತು ಆ ದನಿಯಲ್ಲಿ.

ಏಳಿ ಹೊರಡೋಣ, ಸೋಮವಾರ ಮನೆಗೆ ಬೀಗ ಬೀಳುತ್ತದೆ ಎಂದೆ. ಮುದ್ದಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, ನನ್ನನ್ನೊಮ್ಮೆ ಅಳೆದು ನೋಡಿದರು.

"ನಾ ಬರಾಕಿಲ್ಲ ಕಣ್ ತಾಯಿ. ನನ್ನ ಯಾರೂ ಎತ್ತಾಕ್ಕೊಂಡು ಬಂದಿಲ್ಲ. ನಾನೇ ಬಂದಿವ್ನಿ."

ಇಂಥ ಹೊಡೆತಕ್ಕೆ ನಾನು ತಯಾರಿರಲಿಲ್ಲ. ಇಷ್ಟು ದಿನ ಯಾರ ಪರವಾಗಿ ಹಲ್ಲು ಕಡಿಯುತ್ತಿದ್ದೆನೋ ಅವರೇ ನನ್ನನ್ನು ವಾಪಸ್ಸು ಕಳಿಸುತ್ತಿದ್ದರು.

"ನಾವ್ ಕೊಡೋ ಬಾಡ್ಗೇಲಿ ಒಂದ್ ಪೈಪೂ ಬರಾಕಿಲ್ಲ," ಎಂದು ಅವರೇ ಮುಂದುವರಿಸಿದರು. "ಆಚೆ ಬೀದೀಲಿ ಕಿಟ್ಕಿ ಮ್ಯಾಲಿನ ಸಜ್ಜ ಬಿದ್ದು ಒಂದ್ ಮಗಿನ ಕಾಲ್ ಓಯ್ತಲ್ಲ, ಅವತ್ತಿಂದ ನಂಗೆ ಉಂಡದ್ದು ಮೈಗತ್ತಿಲ್ಲ. ನಾನು ಮನೆ ಬುಟ್ರೆ ಒಸ ಬಾಡ್ಗೆ ಬತ್ತದೆ, ಎಲ್ರ ಮನೇನೂ ರಿಪೇರಿ ಮಾಡ್ಸ್ತೀವಿ ಅಂದ್ರು ಟ್ರಸ್ಟಿನ ಸೋಮಣ್ಣೋರು."

"ಹಂಗಾದ್ರೆ ನಾನೆಲ್ಲಿಗೆ ಹೋಗ್ಲಿ ಅಜ್ಜಿ?" ಕವನ ಕೇಳಿದಳು.

ಅದಕ್ಕೆ ಮುದ್ದಮ್ಮನ ಬಳಿ ಉತ್ತರವಿತ್ತು. ಆ ಮನೆಯನ್ನು ಹೊಸ ಬಾಡಿಗೆಗೆ ಕವನಳಿಗೇ ಕೊಡುವುದಾಗಿ ಟ್ರಸ್ಟಿನ ಕಾರ್ಯದರ್ಶಿ ಸೋಮಶೇಖರ್ ಮಾತು ಕೊಟ್ಟಿದ್ದರಂತೆ. ಎಲ್ಲ ಮುಗಿಯುವ ತನಕ ಅವಳಿಗೂ ಹೇಳಬೇಡಿ, ಜಗಳಕ್ಕೆ ನಿಂತಾಳು ಎಂದಿದ್ದರಂತೆ. ಕವನ ಫೋನು ತೆಗೆದು, ತಮ್ಮ ಬಾಗಿಲಿಗೆ ಅಂಟಿಸಿದ್ದ ನೋಟಿಸಿನ ಫೋಟೊ ತೋರಿಸಿ, ಮನೆ ಖಾಲಿ ಮಾಡಿ ಎಂಬ ಸಾಲನ್ನು ಓದಿ ಹೇಳಿದಳು.

ಮುದ್ದಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಆ ಫೋಟೊ ನೋಡಿದರು. ಬಿಡಿಸಿದ ಅವರೆಕಾಳು ಮಡಿಲಿನಿಂದ ಉರುಳಿ ನೆಲದ ಪಾಲಾಗುತ್ತಿತ್ತು, ಅವರಿಗೆ ಗೊತ್ತೇ ಆಗಲಿಲ್ಲ. ಒಳ್ಳೆಯ ಮನಸ್ಸಿನವರನ್ನು ಅವರ ಒಳ್ಳೆಯತನದಿಂದಲೇ ಹಳ್ಳಕ್ಕೆ ತಳ್ಳುವವರನ್ನು ಕಂಡರೆ ನನಗಾಗದು.

ಕೊನೆಗೆ ಮುದ್ದಮ್ಮ ಮಂಡಿ ಹಿಡಿದುಕೊಂಡು ಎದ್ದರು. "ನಡಿ ಮಗ. ಪಾತ್ರೆ ತಕೋ," ಎಂದು ಮೊಮ್ಮಗಳನ್ನು ಕರೆದುಕೊಂಡು ಒಳಗೆ ಹೋದರು. ಬಾಗಿಲಿನಿಂದಲೇ ಇಣುಕಿದೆ. ಬಿಳಿ ಟೈಲ್ಸ್ ನೆಲದ ಮೂಲೆಯಲ್ಲಿ ಹೊಸ ಕಪ್ಪು ಕಲೆ. ಶಾಖಕ್ಕೆ ಒಂದು ಟೈಲ್ಸು ಸೀಳು ಬಿಟ್ಟಿತ್ತು.

ದೇವಯ್ಯನವರೂ ಇಲ್ಲೇ ಇದ್ದಾರೆಯೇ ಎಂದು ಕೇಳಿದೆ. ಪಕ್ಕದ ಮನೆಯೇ ಎಂದರು ಮುದ್ದಮ್ಮ ಒಳಗಿನಿಂದ. ಆದರೆ ತಾವು ಬಂದಾಗಿನಿಂದ ದೇವಯ್ಯನವರನ್ನು ಕಂಡಿಲ್ಲವಂತೆ. ಮುಡುಕುತೊರೆಯಲ್ಲಿ ತಂಗಿ ಮನೆಗೆ ಹೋಗಿದ್ದಾರೆ, ಬರುತ್ತಾರೆ ಎಂದು ಸೋಮಣ್ಣೋರು ಹೇಳಿದರಂತೆ.

ಅಷ್ಟರಲ್ಲೇ ಸೋಮಶೇಖರ್ ಅವರ ಹಳೇ ಕಾರು ಬಂದು ನಿಂತಿತು. ಶನಿವಾರ ಶನಿವಾರ ನೀರಿನ ಟ್ಯಾಂಕು ನೋಡಲು ಬರುವುದು ಅವರ ರೂಢಿ. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಊರಿನ ಸಿಐಡಿ ಮೇಡಂ ಜಗಲಿಯಲ್ಲಿ ನಿಂತದ್ದು ಕಂಡು ಕಾರಿನ ಬಾಗಿಲು ಹಿಡಿದೇ ನಿಂತರು.

ಮಾತು ಬೆಳೆಸದೆ ಮುದ್ದಮ್ಮನಿಗೆ ಕೊಟ್ಟ ಮಾತು ಏನಾಯಿತು ಎಂದೆ. ಅವರು ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಮೆಚ್ಚಬೇಕು. ಮಾತು ಕೊಟ್ಟದ್ದು ನಿಜ. ಆಮೇಲೆ ತಿಳಿಯಿತಂತೆ, ಅದೇ ಮನೆಯವರು ಒಳಗೆ ಮುಂದುವರಿದರೆ ನಿಯಮದ ಪ್ರಕಾರ ಹಳೇ ಬಾಡಿಗೆಯೇ ಮುಂದುವರಿಯುತ್ತದೆ ಎಂದು. ಹೊಸ ಬಾಡಿಗೆ ಬರಬೇಕಾದರೆ ಹೊರಗಿನವರೇ ಬಂದು ಹಾಲುಕ್ಕಿಸಬೇಕು.

"ರೂಲು ನಾನು ಮಾಡಿದ್ದಲ್ಲ ಮೇಡಂ. ಕೆಳಗಡೆಯಿಂದ ಬಾಡಿಗೆ ಕಟ್ಟಿಹಾಕಿದ್ದಾರೆ, ಮೇಲಿಂದ ಸಾಲದೋರು ಕತ್ತು ಹಿಡ್ಕೊಂಡಿದ್ದಾರೆ. ಒಂದು ಹುಡುಗಿ ಮನೆ ನೋಡ್ಲಾ, ಎಲ್ಲರ ಮನೆ ನೋಡ್ಲಾ?"

ನಿಯಮ ಮಾಡಿದವರು ಬಡವರಿಗೆ ಒಳ್ಳೆಯದಾಗಲೆಂದೇ ಮಾಡಿದ್ದರು. ಸಾಲ ಕೊಟ್ಟವರು ತಮ್ಮ ದುಡ್ಡು ಕೇಳುತ್ತಿದ್ದರು. ಯಾರ ಮೇಲೆ ಹರಿಹಾಯಬೇಕೆಂದು ತಿಳಿಯದ ಸಿಟ್ಟಿಗಿಂತ ದೊಡ್ಡ ಹಿಂಸೆ ಇಲ್ಲ.

ಆ ಸಿಟ್ಟಿನಲ್ಲೇ ದೇವಯ್ಯನವರ ಮನೆ ತೆಗೆಸಿ ಎಂದೆ.

ಸೋಮಶೇಖರ್ ತಡವರಿಸಿದರು. ಹೊಸಿಲ ಬಳಿ ಒಂದು ಜೊತೆ ಚಪ್ಪಲಿ, ಹಗ್ಗದ ಮೇಲೆ ಒಂದು ಟವೆಲು ಇದ್ದವು. ಚಪ್ಪಲಿ ಎತ್ತಿ ನೋಡಿದೆ, ತಳ ಸವೆದೇ ಇರಲಿಲ್ಲ. ಬೀಗ ತೆಗೆಸಿ ಒಳಗೆ ಹೋದೆ. ಚಾಪೆ, ದಿಂಬು, ಗೋಡೆಯಲ್ಲಿ ನಂಜುಂಡೇಶ್ವರನ ಫೋಟೊ, ಒಲೆಯ ಪಕ್ಕ ಎರಡು ಡಬ್ಬಿ. ಸಾಲದವರ ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತು, ಮನೆ ತುಂಬಿದೆ ಎಂದು ಬರೆದುಕೊಂಡು ಹೋಗಲು ಇಷ್ಟು ಸಾಕು.

ಮೂಲೆಯ ಬಳಿ ಕುಕ್ಕರಗಾಲಲ್ಲಿ ಕುಳಿತು ನೆಲ ಒರೆಸಿದೆ. ಆ ಮೂಲೆ ಬಿಟ್ಟು ಇನ್ನೊಂದು ಮೂಲೆಗೆ ಹೋದೆ. ನಾಲ್ಕೂ ಮೂಲೆಯ ಟೈಲ್ಸು ಹಾಲಿನಷ್ಟೇ ಬೆಳ್ಳಗಿದ್ದವು. ನಂಜನಗೂಡಿನ ಗೋಡೆಗೂಡು ಕಣ್ಣ ಮುಂದೆ ಬಂತು, ಅದರಲ್ಲಿ ಧೂಳು ಹಿಡಿದು ಕುಳಿತ ಪಾತ್ರೆಯೂ.

"ಈ ಮನೇಲಿ ಹಾಲುಕ್ಕಿಲ್ಲ. ಚಪ್ಪಲಿ ತಂದ್ರಿ, ಟವೆಲು ಒಣಗ್ಹಾಕಿದ್ರಿ. ಒಂದು ಲೋಟ ಹಾಲು ಚೆಲ್ಲೋಕೆ ಏನಾಗಿತ್ತು ನಿಮಗೆ?"

ಸೋಮಶೇಖರ್ ಗೋಡೆಗೆ ಒರಗಿಕೊಂಡರು. ಕೈ ತಾನಾಗಿ ಅಂಗಿಯೊಳಗಿನ ಲಿಂಗದ ಕಡೆ ಹೋಯಿತು.

"ಬರದೇ ಇರೋರ ಹೆಸರಲ್ಲಿ ಹೆಂಗೆ ಮೇಡಂ ಹಾಲುಕ್ಕಿಸೋದು? ನನಗೂ ಮಕ್ಕಳಿದ್ದಾವೆ."

ಸಾಲದವರಿಗೆ ಸುಳ್ಳು ಹೇಳಿದ ಮನುಷ್ಯ, ಮುದ್ದಮ್ಮನಿಗೆ ಸುಳ್ಳು ಹೇಳಿದ ಮನುಷ್ಯ, ಹಾಲಿನ ಮುಂದೆ ಮಾತ್ರ ಸುಳ್ಳು ಹೇಳಲಾರದೆ ಸಿಕ್ಕಿಬಿದ್ದಿದ್ದರು. ನಗಬೇಕಿತ್ತು. ನಗು ಬರಲಿಲ್ಲ.

ಆಮೇಲೆ ಅವರು ಹೇಳಿದ್ದು ಇಷ್ಟು. ದೇವಯ್ಯ ಮನೆ ಬಿಡಲು ಒಪ್ಪಿ ಅವರ ಕಾರಿನಲ್ಲೇ ಹೊರಟಿದ್ದರು. ಸಂಗಮದ ಸೇತುವೆ ದಾಟಿದ ಮೇಲೆ ಇದ್ದಕ್ಕಿದ್ದಂತೆ ಕಾರು ನಿಲ್ಲಿಸಲು ಹೇಳಿದರು. ಹಾಲಿನ ಪಾತ್ರೆ ಮರೆತು ಬಂದಿದ್ದರು. ತೀರಿಕೊಂಡ ಹೆಂಡತಿ ಕೈಯಾರೆ ಹಾಲುಕ್ಕಿಸಿದ ಪಾತ್ರೆ ಅದು, ಅದಿಲ್ಲದೆ ಹೊಸ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಹಟ ಹಿಡಿದರು. ಬಸ್ಸಿನಲ್ಲಿ ಹೋಗಿ ತಂದುಬಿಡುತ್ತೇನೆ ಎಂದು ಇಳಿದು ಹೋದವರು ಮತ್ತೆ ಬರಲಿಲ್ಲ. ಮರುದಿನವೇ ಇನ್‌ಸ್ಪೆಕ್ಷನ್ ಇತ್ತು. ನಾಳೆ ಬಂದಾರು, ನಾಡಿದ್ದು ಬಂದಾರು ಎಂದು ಸೋಮಶೇಖರ್ ಚಪ್ಪಲಿ ಇಟ್ಟರು, ಟವೆಲು ಹಾಕಿದರು. ದಿನ ಕಳೆದಂತೆ ಯಾರಿಗೂ ಹೇಳುವ ಧೈರ್ಯ ಉಳಿಯಲಿಲ್ಲ.

ಪಾತ್ರೆ ತರಲು ಹೋದ ಮನುಷ್ಯ. ಪಾತ್ರೆ ಇದ್ದಲ್ಲೇ ಇತ್ತು, ಯಾರೂ ಮುಟ್ಟದ ಧೂಳಿನ ಸಮೇತ. ಅಂದರೆ ದೇವಯ್ಯ ತಮ್ಮ ಮನೆಯೊಳಗೆ ಕಾಲಿಟ್ಟಿಲ್ಲ.

"ಮನೆ ಕೀಲಿ ಇಲ್ದೆ ಪಾತ್ರೆ ಹೆಂಗೆ ತರ್ತಿದ್ರು?" ಎಂದೆ. ದೇವಯ್ಯ ಬೆಳಿಗ್ಗೆಯೇ ಕೀಲಿಯನ್ನು ಕವನಳಿಗೆ ಕೊಟ್ಟು ಹೋಗಿದ್ದರಲ್ಲ.

ಸೋಮಶೇಖರ್ ಅರ್ಥವಾಗದವರಂತೆ ನೋಡಿದರು. "ಕೀ ಅವ್ರತ್ರಾನೇ ಇತ್ತಲ್ಲ ಮೇಡಂ. ಮನೆ ಬಿಟ್ರಲ್ಲ, ಕೀ ಕೊಡಿ ಅಂತ ನಾನೇ ಕಾರಲ್ಲಿ ಕೇಳ್ದೆ. ಪಾತ್ರೆ ತಂದ್ಮೇಲೆ ಕೊಡ್ತೀನಿ ಅಂತ ಪಂಚೆ ಮೇಲೆ ತಟ್ಟಿ ತೋರಿಸಿದ್ರು. ಅವ್ರು ಯಾವತ್ತೂ ಕೀನ ಉಡಿದಾರಕ್ಕೇ ಕಟ್ಕೊಂಡಿರೋರು."

ಬ್ಯಾಗಿನೊಳಗೆ ಕೈಯಿಟ್ಟೆ. ಕೀಲಿ ಸಿಕ್ಕಿತು, ಅದರ ಕರಿದಾರವೂ. ಬೆಳಕಿಗೆ ಹಿಡಿದೆ.

ದೃಷ್ಟಿದಾರವಲ್ಲ. ಬೆವರಿಗೆ ಗಟ್ಟಿಯಾಗಿ, ಸೊಂಟಕ್ಕೆ ಉಜ್ಜಿ ಉಜ್ಜಿ ನುಣುಪಾದ ಉಡಿದಾರ. ಕೀಲಿಯ ಗಂಟು ಬಿಚ್ಚಿರಲಿಲ್ಲ. ದಾರವನ್ನೇ ಎರಡೂ ಕಡೆ ಹರಿತವಾದದ್ದರಿಂದ ಕತ್ತರಿಸಲಾಗಿತ್ತು.

ನಮ್ಮ ಕಡೆ ಗಂಡಸು ಉಡಿದಾರವಿಲ್ಲದೆ ಒಂದು ಗಳಿಗೆಯೂ ಇರುವುದಿಲ್ಲ. ಹಳೆಯದು ಸವೆದರೆ ಮೊದಲು ಹೊಸದನ್ನು ಕಟ್ಟಿಕೊಂಡು, ಕೀಲಿಯನ್ನು ಅದಕ್ಕೆ ಸಾಗಿಸಿ, ಆಮೇಲೆ ಹಳೆಯದಕ್ಕೆ ಕತ್ತರಿ ಹಾಕುತ್ತಾರೆ. ಬರಿ ಸೊಂಟ ಮಾಡಿ ಕತ್ತರಿಸುವುದು ಒಂದೇ ಸಲ. ನಮ್ಮಪ್ಪ ತೀರಿಕೊಂಡ ದಿನ, ಸ್ನಾನ ಮಾಡಿಸುವ ಮೊದಲು, ದೊಡ್ಡಪ್ಪ ಬ್ಲೇಡು ಹಿಡಿದು ಕತ್ತರಿಸಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ.

ದೇವಯ್ಯ ಬದುಕಿಲ್ಲ. ಸಂಗಮದಲ್ಲಿ ಇಳಿದಾಗ ದೇವಯ್ಯನವರ ಸೊಂಟದಲ್ಲಿದ್ದ ಕೀಲಿ, ಇವತ್ತು ಬೆಳಿಗ್ಗೆ ಕವನಳ ಕೈಯಲ್ಲಿತ್ತು. ಗಿಡಕ್ಕೆ ನೀರು ಹಾಕಲು ಕೊಟ್ಟು ಹೋದರೆಂಬ ಮಾತು ಸುಳ್ಳು. ಯಾರ ಮನೆ ಉಳಿಸಲೆಂದು ನಾನು ಊರೂರು ಅಲೆದೆನೋ ಆ ಕವನ. ಸೇತುವೆ ಬಂದಾಗ ನನ್ನ ಭುಜ ಹಿಡಿದ ಆ ಬೆರಳುಗಳು ಈಗಲೂ ಅಲ್ಲೇ ಇದ್ದಂತೆನಿಸಿತು.

"ಮೇಡಂ?" ಬಾಗಿಲಲ್ಲಿ ಕವನ ನಿಂತಿದ್ದಳು. ಸೊಂಟದ ಮೇಲೆ ಅಜ್ಜಿಯ ಹಾಲಿನ ಪಾತ್ರೆ. ಅವಳು ನನ್ನ ಬಳಿ ಬಂದಾಗಿನಿಂದ ಮೊದಲ ಸಲ ಆ ಮುಖದಲ್ಲಿ ನಗು ಕಂಡೆ. ಹಿಂದೆ ಮುದ್ದಮ್ಮ ಸೀರೆಯ ಗಂಟು ಹಿಡಿದು, ಹೊರಡಲು ತಯಾರಾಗಿ ಚಪ್ಪಲಿ ಮೆಟ್ಟುತ್ತಿದ್ದರು.

ಕವನಳ ನೋಟ ನನ್ನ ಮುಖದಿಂದ ಇಳಿದು ನನ್ನ ಕೈಯಲ್ಲಿದ್ದ ದಾರದ ಮೇಲೆ ನಿಂತಿತು. ನಗು ಹಾಗೆಯೇ ಇತ್ತು.

"ಅಜ್ಜಿ ಬರ್ತಾರಂತೆ, ನಮ್ಮನೆ ಉಳೀತು," ಎಂದಳು ಮೆಲ್ಲಗೆ. "ದೇವಯ್ಯತಾತನ ಕೀ ಕೊಡಿ ಮೇಡಂ. ಇನ್ಮೇಲೆ ನಾನೇ ಇಟ್ಕೋತೀನಿ."

ಅವಳು ಕೈ ಚಾಚಿದಳು.